ಡ್ರಮ್ಸ್ ನುಡಿಸಿದರೆ ಸೊಂಟ, ಮಣಿಕಟ್ಟು ನೋವೇ? ಕಿಟ್ ಜೋಡಿಸುವ ಸರಿಯಾದ ಕ್ರಮ ಇಲ್ಲಿದೆ

ಅರ್ಧ ಗಂಟೆ ಡ್ರಮ್ಸ್ ನುಡಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ, ಭುಜ ಬಿಗಿಯುತ್ತದೆ, ಮಣಿಕಟ್ಟು ನೋಯುತ್ತದೆ. ಹೊಸದಾಗಿ ಕಲಿಯುವ ಹಲವರು ಇದಕ್ಕೆ ಅಭ್ಯಾಸದ ಕೊರತೆಯೇ ಕಾರಣ ಎಂದುಕೊಳ್ಳುತ್ತಾರೆ. ಆದರೆ ಎಷ್ಟೋ ಬಾರಿ ತಪ್ಪು ಇರುವುದು ಕಿಟ್ ಜೋಡಿಸಿದ ರೀತಿಯಲ್ಲಿ. ನೋವನ್ನು ಸಹಿಸಿಕೊಂಡು ಅದೇ ಭಂಗಿಯಲ್ಲಿ ಮುಂದುವರಿದರೆ ಸ್ನಾಯುರಜ್ಜುಗಳಿಗೆ ಪೆಟ್ಟಾಗಬಹುದು.

ಮೊದಲು ಸ್ಟೂಲ್

ಡ್ರಮ್‌ಗಳನ್ನು ಜೋಡಿಸಿ ಕೊನೆಗೆ ಕೂರುವುದಲ್ಲ. ಮೊದಲು ಕುಳಿತು, ಬಳಿಕ ಸುತ್ತಲೂ ಕಿಟ್ ಜೋಡಿಸಬೇಕು. ಸೊಂಟ ಮೊಣಕಾಲಿಗಿಂತ ತುಸು ಮೇಲಿರುವಂತೆ ಸ್ಟೂಲ್ ಎತ್ತರ ಹೊಂದಿಸಿ. ತೀರಾ ತಗ್ಗಿನಲ್ಲಿ ಕುಳಿತರೆ ಬೆನ್ನು ಬಾಗುತ್ತದೆ, ಕಾಲೆತ್ತುವುದೂ ಕಷ್ಟವಾಗುತ್ತದೆ.

ನಂತರ ಪೆಡಲ್, ಸ್ನೇರ್

ಆರಾಮವಾಗಿ ಕುಳಿತಾಗ ಪಾದಗಳು ಸಹಜವಾಗಿ ಎಲ್ಲಿ ಬೀಳುತ್ತವೋ ಅಲ್ಲೇ ಪೆಡಲ್‌ಗಳಿರಲಿ. ಬಲಗೈಯವರಿಗೆ ಬಲಗಾಲಿನಡಿ ಬೇಸ್ ಡ್ರಮ್, ಎಡಗಾಲಿನಡಿ ಹೈ-ಹ್ಯಾಟ್. ಎಡಗೈಯವರು ಇದನ್ನು ಅದಲುಬದಲು ಮಾಡಿಕೊಳ್ಳಬಹುದು. ಆದರೆ ಅದು ಕಡ್ಡಾಯವೇನಲ್ಲ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಎಡಗೈಯವರಾದರೂ ಬಲಗೈ ಕಿಟ್‌ನಲ್ಲೇ ನುಡಿಸಿದರು.

ಸ್ನೇರ್ ಡ್ರಮ್ ಎರಡು ತೊಡೆಗಳ ನಡುವೆ, ಅದರ ಅಂಚು ತೊಡೆಗಿಂತ ಒಂದೆರಡು ಇಂಚು ಮೇಲಿರಲಿ. ಇಲ್ಲವಾದರೆ ಕೈ ತೊಡೆಗೆ ತಾಗುತ್ತದೆ. ಹೈ-ಹ್ಯಾಟ್ ಸ್ನೇರ್‌ಗಿಂತ ಕೆಲವು ಇಂಚು ಎತ್ತರದಲ್ಲಿದ್ದರೆ ಎರಡು ಕೈಗಳು ಡಿಕ್ಕಿಯಾಗುವುದಿಲ್ಲ.

ಟಾಮ್, ಸಿಂಬಲ್ ಕೈಗೆಟುಕುವಂತಿರಲಿ

ಟಾಮ್‌ಗಳನ್ನು ನಿಮ್ಮತ್ತ ಸ್ವಲ್ಪವೇ ವಾಲಿಸಿ. ತುಂಬಾ ವಾಲಿಸಿದರೆ ಕೋಲಿನ ತುದಿ ನೇರವಾಗಿ ಚುಚ್ಚಿ ಡ್ರಮ್‌ಹೆಡ್‌ನಲ್ಲಿ ಗುಳಿ ಬೀಳುತ್ತದೆ. ಸಿಂಬಲ್ ಬಾರಿಸಲು ಪ್ರತಿ ಬಾರಿ ಮೊಣಕೈಯನ್ನು ಭುಜಕ್ಕಿಂತ ಮೇಲೆತ್ತಬೇಕಾದರೆ ಅಥವಾ ಮುಂದಕ್ಕೆ ಬಾಗಬೇಕಾದರೆ ಸ್ಟ್ಯಾಂಡ್ ತಗ್ಗಿಸಿ, ಹತ್ತಿರ ಎಳೆದುಕೊಳ್ಳಿ.

ಎಲ್ಲವೂ ಸರಿಹೊಂದಿದ ಮೇಲೆ ಕೆಳಗೆ ಹಾಸಿದ ಕಾರ್ಪೆಟ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಮುಂದಿನ ಬಾರಿ ಜೋಡಿಸುವುದು ಸುಲಭ.

ಕಿವಿಯನ್ನೂ ಮರೆಯಬೇಡಿ

ಡ್ರಮ್ ಕಿಟ್‌ನ ಸದ್ದು ಸಲೀಸಾಗಿ 100 ಡೆಸಿಬಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ, 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದಾದರೆ, 100 ಡೆಸಿಬಲ್‌ನಲ್ಲಿ ಮಿತಿ ಕೇವಲ 15 ನಿಮಿಷ. ಹೋದ ಶ್ರವಣಶಕ್ತಿ ಮರಳುವುದಿಲ್ಲ; ಹಾಗಾಗಿ ಇಯರ್‌ಪ್ಲಗ್ ಕಡ್ಡಾಯ.

ಫ್ಲ್ಯಾಟ್‌ನಲ್ಲಿರುವವರಿಗೆ ಎಲೆಕ್ಟ್ರಾನಿಕ್ ಕಿಟ್ ಒಳ್ಳೆಯ ಆಯ್ಕೆ. ಆದರೆ ಪೆಡಲ್‌ನ ಕಂಪನ ನೆಲದ ಮೂಲಕ ಕೆಳಗಿನ ಮನೆಗೂ ತಲುಪುತ್ತದೆ. ದಪ್ಪನೆಯ ರಬ್ಬರ್ ಮ್ಯಾಟ್ ಹಾಸಿದರೆ ಅದು ತಕ್ಕಮಟ್ಟಿಗೆ ತಗ್ಗುತ್ತದೆ. ಕೂರುವ, ಜೋಡಿಸುವ ಕ್ರಮ ಮಾತ್ರ ಎರಡಕ್ಕೂ ಒಂದೇ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ನೋವು ಕಡಿಮೆಯಾಗದಿದ್ದರೆ ಅಭ್ಯಾಸ ನಿಲ್ಲಿಸಿ, ವೈದ್ಯರನ್ನು ಕಾಣುವುದು ಒಳಿತು.