ಅನಿಮೇಷನ್ ಅಲ್ಲ, ಚಿತ್ರದೊಳಗೆ ಹೂತ ಕನ್ನಡವೇ ಅಡ್ಡಿ

“ವೆಬ್‌ಸೈಟಿಗೆ ಅನಿಮೇಷನ್ ಹಾಕಿಸಬೇಡಿ, ಗೂಗಲ್‌ನಲ್ಲಿ ಬರೋದಿಲ್ಲ.” ಹೋಂಸ್ಟೇ ನಡೆಸುವವರು ಈ ಮಾತು ಹೇಳುತ್ತಾರೆ, ಸೀರೆ ಅಂಗಡಿಯವರು ಹೇಳುತ್ತಾರೆ, ನಾಟಕ ತಂಡದವರು ಹೇಳುತ್ತಾರೆ. ವೆಬ್‌ಸೈಟ್ ಕಟ್ಟಿಕೊಡುವುದೇ ಕಸುಬಾದವರೂ ಹೇಳುವಾಗ ನಿಜಕ್ಕೂ ರೇಗುತ್ತದೆ. ಈ ಮಾತು ತಪ್ಪು. ಇದನ್ನು ನಂಬಿದವರು ಚೆಂದದ ವಿನ್ಯಾಸವನ್ನು ಕಿತ್ತುಹಾಕುತ್ತಾರೆ, ದೋಷ ಎಲ್ಲಿತ್ತೋ ಅಲ್ಲೇ ಬಿಡುತ್ತಾರೆ.

ಈ ನಂಬಿಕೆ ಹುಟ್ಟಿದ್ದು ಫ್ಲ್ಯಾಶ್ ಕಾಲದಲ್ಲಿ, ಆಗ ಅದಕ್ಕೆ ಕಾರಣವೂ ಇತ್ತು. 1996ರಲ್ಲಿ ಮ್ಯಾಕ್ರೋಮೀಡಿಯಾ ಕೊಂಡು, ಮುಂದೆ 2005ರಲ್ಲಿ ಅಡೋಬಿಯ ಪಾಲಾದ ಈ ತಂತ್ರಾಂಶದಲ್ಲಿ ಇಡೀ ವೆಬ್‌ಸೈಟನ್ನೇ ಒಂದೇ ಕಡತವಾಗಿ ಕಟ್ಟುತ್ತಿದ್ದರು. ಬರಹ, ಚಿತ್ರ, ಸಂಗೀತ, ಗುಂಡಿಗಳು ಎಲ್ಲವೂ ಅದರೊಳಗೆ. ಪುಟದ ಎಚ್‌ಟಿಎಂಎಲ್ ಓದುತ್ತಾ ಬರುವ ಗೂಗಲ್‌ನ ಬಾಟ್‌ಗೆ ‘ಇಲ್ಲೊಂದು ಕಡತವಿದೆ’ ಎನ್ನುವುದರಾಚೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಒಳಗೆ ಎಷ್ಟು ಪುಟಗಳಿದ್ದರೂ ವಿಳಾಸ ಒಂದೇ ಆದ್ದರಿಂದ ಯಾವ ಒಳಪುಟಕ್ಕೂ ಕೊಂಡಿ ಕೊಡಲಾಗುತ್ತಿರಲಿಲ್ಲ. 2008ರಲ್ಲಿ ಗೂಗಲ್ ಅಡೋಬಿಯ ನೆರವಿನಿಂದ ಫ್ಲ್ಯಾಶ್ ಕಡತದ ಬರಹವನ್ನು ಇನ್ನಷ್ಟು ಚೆನ್ನಾಗಿ ಓದುವ ದಾರಿ ಮಾಡಿಕೊಂಡಿತಾದರೂ ಆ ಓದು ಅರೆಬರೆಯಾಗಿತ್ತು. ಐಫೋನ್ ಮೊದಲಿನಿಂದಲೂ ಫ್ಲ್ಯಾಶನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 2019ರಲ್ಲಿ ಗೂಗಲ್ ಫ್ಲ್ಯಾಶ್ ಕಡತಗಳನ್ನು ಓದುವುದನ್ನೇ ನಿಲ್ಲಿಸುವುದಾಗಿ ತಿಳಿಸಿತು. 2020ರ ಡಿಸೆಂಬರ್ 31ಕ್ಕೆ ಅಡೋಬಿಯೂ ಕೈಬಿಟ್ಟಿತು.

ಅಂದು ಕೆಟ್ಟದ್ದು ಚಿತ್ರ ಚಲಿಸಿದ್ದರಿಂದಲ್ಲ, ಬರಹ ಬಾಟ್‌ನ ಕೈಗೆ ಸಿಗದ ಕಡೆ ಇದ್ದದ್ದರಿಂದ. ಫ್ಲ್ಯಾಶ್ ಹೋಯಿತು. ಅದರ ಕುರಿತ ಎಚ್ಚರಿಕೆ ಮಾತ್ರ ತನ್ನ ಕಾರಣವನ್ನು ಮರೆತು ಬಾಯಿಂದ ಬಾಯಿಗೆ ದಾಟುತ್ತಲೇ ಇದೆ.

ಇಂದಿನ ಅನಿಮೇಷನ್ ಬಹುಪಾಲು ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಕೆಲಸ. ಶೀರ್ಷಿಕೆ ಎಡದಿಂದ ಜಾರಿ ಬರಲಿ, ಕೆಳಗಿನಿಂದ ಏಳಲಿ, ಅದರ ಅಕ್ಷರಗಳು ಪುಟದಲ್ಲಿ ಅಕ್ಷರಗಳಾಗಿಯೇ ಇರುತ್ತವೆ. 2019ರಿಂದೀಚೆಗೆ ಗೂಗಲ್‌ಬಾಟ್ ಪುಟಗಳನ್ನು ತೆರೆದು ನೋಡುವುದು ಕ್ರೋಮಿನ ಹೊಸ ಆವೃತ್ತಿಯಲ್ಲೇ, ಜಾವಾಸ್ಕ್ರಿಪ್ಟನ್ನೂ ಓಡಿಸುತ್ತದೆ. ಅದು ಮಾಡದಿರುವುದು ಎರಡು ಕೆಲಸ: ಪುಟವನ್ನು ನಮ್ಮಂತೆ ಸ್ಕ್ರಾಲ್ ಮಾಡುವುದಿಲ್ಲ, ಗುಂಡಿ ಒತ್ತುವುದಿಲ್ಲ. ಟ್ಯಾಬಿನ ಹಿಂದೆ ಅಡಗಿದ್ದರೂ ಪುಟದಲ್ಲಿ ಮೊದಲೇ ಇರುವ ಬರಹವನ್ನು ಅದು ಓದುತ್ತದೆ. ‘ಇನ್ನಷ್ಟು’ ಒತ್ತಿದ ಮೇಲಷ್ಟೇ ಸರ್ವರಿನಿಂದ ಇಳಿದು ಬರುವ ಬರಹ ಅದಕ್ಕೆ ಕಾಣುವುದಿಲ್ಲ. ವೆಬ್‌ಸೈಟ್ ಕಟ್ಟುವವರು ಈ ಒಂದು ವ್ಯತ್ಯಾಸವನ್ನು ಅರಿತಿದ್ದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಉಳಿದರ್ಧ ಕನ್ನಡ ಸೈಟುಗಳದ್ದೇ ತೊಂದರೆ, ನನ್ನ ಸಂಕಟವೆಲ್ಲ ಇದರ ಬಗ್ಗೆ. ಚಿಕ್ಕಮಗಳೂರಿನ ಕಡೆ ಒಂದು ಹೋಂಸ್ಟೇ ಇದೆ ಎಂದುಕೊಳ್ಳಿ. ಮುಖಪುಟದಲ್ಲಿ ಕಾಫಿ ತೋಟ, ಮಂಜು, ಹಂಚಿನ ಮನೆಯ ಫೋಟೊಗಳು ಒಂದಾದ ಮೇಲೊಂದು ಜಾರುತ್ತವೆ. ಪ್ರತಿ ಫೋಟೊ ಮೇಲೂ ಕನ್ನಡದಲ್ಲಿ ಊರಿನ ಹೆಸರು, ಊಟದ ವಿವರ, ಕೋಣೆಯ ಬಾಡಿಗೆ. ಆದರೆ ಆ ಕನ್ನಡ ಬರಹವಾಗಿ ಉಳಿದಿಲ್ಲ. ಫ್ಲೆಕ್ಸ್ ಬ್ಯಾನರ್ ಮಾಡುವ ರೀತಿಯಲ್ಲೇ ಫೋಟೊಶಾಪಿನಲ್ಲಿ ಅಕ್ಷರ ಕೂರಿಸಿ ಜೆಪೆಗ್ ಮಾಡಿ ಏರಿಸಿದ್ದಾರೆ. ಓದುವ ನಮಗದು ಕನ್ನಡ, ಹುಡುಕಾಟದ ಯಂತ್ರಕ್ಕೆ ಬರಿಯ ಚಿತ್ರ. ಚಿತ್ರದಲ್ಲೇನಿದೆ ಎಂದು ಯಂತ್ರಕ್ಕೆ ತಿಳಿಸುವ ಆಲ್ಟ್ ಪಠ್ಯವನ್ನಾದರೂ ಬರೆದಿರುತ್ತಾರೆಯೇ ಎಂದರೆ ಅದೂ ಖಾಲಿ. ಕನ್ನಡದಲ್ಲಿ ಹುಡುಕಿದವರಿಗೆ ಆ ಮನೆ ಸಿಗದಿದ್ದರೆ ದೂರು ಹೋಗುವುದು ಫೋಟೊ ಜಾರಿಸುವ ಸ್ಲೈಡರ್ ಮೇಲೆ! ಸ್ಲೈಡರ್ ತೆಗೆಸಿ ಅದೇ ಜೆಪೆಗ್ ಉಳಿಸಿಕೊಂಡರೆ ಬದಲಾಗುವುದೇನು?

ಇದರ ಬೇರು ನಮ್ಮ ಡಿಟಿಪಿ ಅಭ್ಯಾಸದಲ್ಲಿದೆ. ಮುದ್ರಣಕ್ಕೆಂದು ರೂಢಿಯಾದ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟಿನ ಬರಹವನ್ನು ನೇರವಾಗಿ ವೆಬ್ ಪುಟಕ್ಕೆ ಹಾಕಿದರೆ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಯೂನಿಕೋಡಿಗೆ ಬರುವ ಮುಂಚೆ ನಮ್ಮ ಅನೇಕ ಪತ್ರಿಕೆಗಳ ಜಾಲತಾಣಗಳ ಸ್ಥಿತಿಯೂ ಇದೇ ಆಗಿತ್ತು. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಇಷ್ಟು ವರ್ಷಗಳಾದ ಮೇಲೂ ‘ಫಾಂಟ್ ಒಡೆದುಹೋಗುತ್ತೆ’ ಎಂಬ ಭಯದಿಂದ ಕನ್ನಡವನ್ನು ಚಿತ್ರ ಮಾಡಿ ಅಂಟಿಸುವುದು ಅಕ್ಷಮ್ಯ. ಯೂನಿಕೋಡ್ ಕನ್ನಡದ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಬರೆದ ಸಾಲನ್ನು ಫೋಟೊ ಮೇಲೆ ಬೇಕಾದಂತೆ ತೇಲಿಸಬಹುದು, ಚಲಿಸುವಂತೆ ಮಾಡಬಹುದು. ಯಂತ್ರವೂ ಓದುತ್ತದೆ, ಕಣ್ಣು ಕಾಣದವರ ಸ್ಕ್ರೀನ್ ರೀಡರೂ ಓದುತ್ತದೆ.

ಅನಿಮೇಷನ್ನಿಂದ ತೊಂದರೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ತೊಂದರೆ ಬರುವುದು ಅದರ ಭಾರದಿಂದ. 2021ರಿಂದ ಗೂಗಲ್ ಪುಟದ ಅನುಭವವನ್ನೂ ಲೆಕ್ಕಕ್ಕೆ ಹಿಡಿಯುತ್ತಿದೆ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಓದುತ್ತಿರುವಾಗ ಸಾಲುಗಳು ಇದ್ದಕ್ಕಿದ್ದಂತೆ ಜಿಗಿಯಬಾರದು. ಈ ಅಂಶಕ್ಕಿಂತ ಹುಡುಕಿದವರಿಗೆ ಬೇಕಾದ ವಿಷಯ ಪುಟದಲ್ಲಿದೆಯೇ ಎನ್ನುವುದಕ್ಕೇ ತೂಕ ಹೆಚ್ಚು. ಆದರೂ ಬೆಟ್ಟದ ಊರಿನ ದುರ್ಬಲ ಸಿಗ್ನಲ್‌ನಲ್ಲಿ ಭಾರೀ ವಿಡಿಯೊ ಇಳಿಯುವವರೆಗೆ ಯಾರು ಕಾಯುತ್ತಾರೆ? ಮಾಡಬೇಕಾದ್ದು ಕಷ್ಟವಲ್ಲ. ಜಿಫ್ ಬದಲು ಎಂಪಿ4 ವಿಡಿಯೊ ಬಳಸಿ, ಕಡತದ ಗಾತ್ರ ಎಷ್ಟೋ ಕುಗ್ಗುತ್ತದೆ. ವಿಡಿಯೊ ಬರುವ ಮುಂಚೆ ಒಂದು ಹಗುರವಾದ ಪೋಸ್ಟರ್ ಚಿತ್ರ ಕಾಣಲಿ, ಅದರ ಅಗಲ ಎತ್ತರವನ್ನು ಮೊದಲೇ ನಮೂದಿಸಿ. ಮುಖ್ಯ ಶೀರ್ಷಿಕೆಯನ್ನು ಪೂರ್ತಿ ಮರೆಮಾಡಿ ನಿಧಾನಕ್ಕೆ ತೋರಿಸುವ ಆಟ ಬೇಡ, ಅಷ್ಟು ಹೊತ್ತೂ ಅದು ಕಾಣದ ಶೀರ್ಷಿಕೆಯೆಂದೇ ಲೆಕ್ಕ. 5 ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಚಲಿಸುವುದನ್ನು ನಿಲ್ಲಿಸಲು ಗುಂಡಿ ಕೊಡಿ. ವಿಡಿಯೊದಲ್ಲಿ ಬಾಯಿಮಾತಿನಲ್ಲಿ ಹೇಳಿದ ಮುಖ್ಯ ವಿವರಗಳನ್ನು ಕೆಳಗೆ ಬರೆದೂ ಇಡಿ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕೀವರ್ಡ್ಸ್ ಮೆಟಾ ಟ್ಯಾಗನ್ನು ತುಂಬಿಸಿದರೆ ಮೇಲೆ ಬರುತ್ತೀರಿ ಎನ್ನುವುದು ಸುಳ್ಳು, ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರೆದು ಪದಗಳನ್ನು ತುರುಕುವುದು ವಂಚನೆ, ಸಿಕ್ಕಿಬಿದ್ದರೆ ಸೈಟನ್ನೇ ಪಟ್ಟಿಯಿಂದ ಹೊರಗಿಡಲೂಬಹುದು. ಜಾಹೀರಾತಿಗೆ ಹಣ ಕಟ್ಟಿದರೆ ಸಹಜ ಫಲಿತಾಂಶದಲ್ಲೂ ಮೇಲೇರುತ್ತೇವೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ‘ಮೊದಲ ಸ್ಥಾನ ಗ್ಯಾರಂಟಿ’ ಎಂದು ಮುಂಗಡ ಕೇಳುವವರನ್ನು ಬಾಗಿಲಿನಿಂದಲೇ ಕಳಿಸಿ, ಅಂಥ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ ತಾನೇ ಬರೆದಿಟ್ಟಿದೆ.

ಒಂದು ಮಿಕ್ಸಿ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವ ನಾವು ಇಂಥ ಮಾತುಗಳನ್ನು ಮಾತ್ರ ‘ಯಾಕೆ’ ಎಂದು ಕೇಳದೆ ಒಪ್ಪಿಕೊಳ್ಳುತ್ತೇವೆ. ತಂತ್ರಜ್ಞಾನದ ವಿಷಯ ಎಂದ ಕೂಡಲೇ, ಗಟ್ಟಿಯಾಗಿ ಹೇಳಿದವರೇ ತಿಳಿದವರು ಎನಿಸಿಬಿಡುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬಂದ ಮನೆಮದ್ದನ್ನು ನಂಬುವ ಅಭ್ಯಾಸವೇ ಇಲ್ಲೂ ಕೆಲಸ ಮಾಡುತ್ತಿದೆ. ಹುಡುಕಾಟ ಹೇಗೆ ನಡೆಯುತ್ತದೆ, ಪುಟ ಹೇಗಿರಬೇಕು ಎಂಬುದನ್ನು ಗೂಗಲ್ ತನ್ನ ಕೈಪಿಡಿಯಲ್ಲಿ ಯಾರೂ ಉಚಿತವಾಗಿ ಓದುವಂತೆ ಇಟ್ಟಿದೆ. ಕಸುಬಿನವರೇ ಅದನ್ನು ಓದದೆ ಕೇಳಿದ್ದನ್ನು ಗಿರಾಕಿಗಳಿಗೆ ಒಪ್ಪಿಸುವುದು ಬೇಜವಾಬ್ದಾರಿ.

ನಿಮ್ಮ ಸೈಟನ್ನು ನೀವೇ ಪರೀಕ್ಷಿಸಬಹುದು. ಬ್ರೌಸರಿನಲ್ಲಿ ತೆರೆದು, ಪುಟದೊಳಗೆ ಹುಡುಕುವ ಪೆಟ್ಟಿಗೆಯಲ್ಲಿ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ. ಕಣ್ಣೆದುರಿಗೇ ಇರುವ ಹೆಸರು ಆ ಪೆಟ್ಟಿಗೆಗೆ ಸಿಗದಿದ್ದರೆ ಅದು ಚಿತ್ರವಾಗಿದೆ, ಇಲ್ಲವೇ ಹಳೆಯ ಫಾಂಟಿನಲ್ಲಿದೆ. ಗೂಗಲ್ ನಿಮ್ಮ ಪುಟವನ್ನು ಹೇಗೆ ಓದಿದೆ ಎಂಬುದನ್ನು ಅದರದೇ ಸಾಧನವಾದ ಸರ್ಚ್ ಕನ್ಸೋಲ್ ಹಣ ಕೇಳದೆ ತೋರಿಸುತ್ತದೆ, ಅದನ್ನೂ ನೋಡಿ. ಆಮೇಲೆ ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ. ಅನಿಮೇಷನ್ ತೆಗೆಯಲು ಹೇಳಬೇಡಿ. ಚಿತ್ರದೊಳಗಿನ ಕನ್ನಡವನ್ನೆಲ್ಲ ಯೂನಿಕೋಡಿನಲ್ಲಿ ಬರೆದು ಕೊಡಲು ಹೇಳಿ.