ಹನ್ನೊಂದು ಮೀಟರುಗಳ ಪರೀಕ್ಷೆ

ಫುಟ್‌ಬಾಲ್ ಪಂದ್ಯವು ಸಮವಾಗಿ ಮುಗಿದು, ಹೆಚ್ಚಿನ ಅವಧಿಯಲ್ಲಿಯೂ ಗೆಲುವು ನಿರ್ಧಾರವಾಗದಿದ್ದರೆ, ವಿಶ್ವಕಪ್‌ನಂಥ ಸ್ಪರ್ಧೆಗಳಲ್ಲಿ ಪೆನಾಲ್ಟಿ ಒದೆತಗಳಿಂದ ಅದನ್ನು ತೀರ್ಮಾನಿಸುತ್ತಾರೆ. ಚೆಂಡಿಗೂ ಗೋಲಿನ ಗೆರೆಗೂ ನಡುವೆ ಕೇವಲ 11 ಮೀಟರು. ಗೋಲಿನ ಅಗಲ 7.32 ಮೀಟರು, ಎತ್ತರ 2.44 ಮೀಟರು. ಎದುರಿಗಿರುವವನು ಗೋಲ್‌ಕೀಪರನೊಬ್ಬನೇ. ಗಂಟೆಗೆ 100 ಕಿಲೋಮೀಟರು ವೇಗದಿಂದ ಹೊರಟ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಗೆರೆಯನ್ನು ಮುಟ್ಟುತ್ತದೆ. ಅಷ್ಟರಲ್ಲಿ ಅದರ ದಿಕ್ಕನ್ನರಿತು ಮೂಲೆಗೆ ಹಾರುವುದು ಬಹು ಕಷ್ಟ. ಲೆಕ್ಕವೆಲ್ಲವೂ ಒದೆಯುವವನ ಪಕ್ಷದಲ್ಲಿಯೇ ಇದೆ.

ಆದರೂ 1994ರ ಜುಲೈ 17ರಂದು, ಅಮೆರಿಕದ ಪ್ಯಾಸಡೀನದಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ, ಇಟಲಿಯ ಹೆಸರಾಂತ ಆಟಗಾರ ರಾಬರ್ಟೊ ಬ್ಯಾಜ್ಜೊ ಒದ್ದ ಚೆಂಡು ಗೋಲಿನ ಮೇಲಿನಿಂದ ಹಾರಿಹೋಯಿತು. ಗೆಲುವು ಬ್ರೆಜಿಲಿನ ಪಾಲಾಯಿತು. ಸಾವಿರಾರು ಸಲ ಒದ್ದು ಪಳಗಿದ ಕಾಲೂ ಹೀಗೆ ತಪ್ಪುವುದುಂಟು. ಏಕೆ?

ನಾರ್ವೆಯ ಮನಶ್ಶಾಸ್ತ್ರಜ್ಞ ಗೈರ್ ಯೋರ್ಡೆಟ್ ಮತ್ತು ಅವರ ಸಹೋದ್ಯೋಗಿ ದೊಡ್ಡ ಸ್ಪರ್ಧೆಗಳ ಪೆನಾಲ್ಟಿಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಸಂಗತಿಯನ್ನು ತೋರಿಸಿದರು. ಗೋಲಾದರೆ ಕೂಡಲೇ ಗೆಲುವು ಎಂಬಂಥ ಒದೆತಗಳಲ್ಲಿ ನೂರಕ್ಕೆ ಸುಮಾರು 92 ಗೋಲಾಗಿದ್ದುವು. ತಪ್ಪಿದರೆ ಕೂಡಲೇ ಸೋಲು ಎಂಬಂಥವುಗಳಲ್ಲಿ ಸುಮಾರು 62 ಮಾತ್ರ. ಬ್ಯಾಜ್ಜೊ ಒದ್ದುದು ಈ ಎರಡನೆಯ ಬಗೆಯದು. ಚೆಂಡು ಅದೇ, ದೂರವೂ ಅದೇ. ಬೇರೆಯಾದುದು ಮನಸ್ಸಿನ ಮುಂದೆ ನಿಂತ ಚಿತ್ರ. ಸೋಲಿಗಂಜಿದವನು ಆ ಸಂಕಟವನ್ನು ಬೇಗ ಮುಗಿಸಿಬಿಡಲು ಆತುರಪಡುತ್ತಾನೆ.

ಭಯವುಂಟಾದಾಗ ದೇಹದಲ್ಲಿ ಅಡ್ರಿನಲಿನ್ ರಸವು ಸ್ರವಿಸುತ್ತದೆ. ಎದೆಬಡಿತ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡಲು ಇದು ನೆರವಾದರೂ ನಯವಾದ ಗುರಿಗೆ ತೊಡಕಾಗುತ್ತದೆ. ಇನ್ನೊಂದು ತೊಡಕು ಗಮನದ್ದು. ಮೆಟ್ಟಿಲಿಳಿಯುವಾಗ ನಾವು ಹೆಜ್ಜೆಗಳನ್ನು ಲೆಕ್ಕಿಸುವುದಿಲ್ಲ. ಪ್ರತಿಯೊಂದು ಹೆಜ್ಜೆಯನ್ನೂ ಪರೀಕ್ಷಿಸುತ್ತ ಇಳಿಯಹೊರಟರೆ ಕಾಲು ತಡವರಿಸುತ್ತದೆ. ಅಭ್ಯಾಸದಿಂದ ತಾನಾಗಿ ನಡೆಯುವ ಒದೆತವನ್ನೂ ಅಂಜಿದ ಮನಸ್ಸು ಹೀಗೆಯೇ ಅಡ್ಡ ಬಂದು ಕೆಡಿಸುತ್ತದೆ.

ಆದುದರಿಂದ ಕಾಲಿನಂತೆ ಮನಸ್ಸಿಗೂ ಸಾಧನೆ ಬೇಕು. ಆಟಗಾರನು ಯಾವ ಮೂಲೆಗೆ ಒದೆಯಬೇಕೆಂಬುದನ್ನು ಮೊದಲೇ ನಿಶ್ಚಯಿಸುತ್ತಾನೆ. ಚೆಂಡನ್ನಿಟ್ಟು, ಪ್ರತಿಸಲವೂ ಅಷ್ಟೇ ಹೆಜ್ಜೆ ಹಿಂದೆ ಸರಿದು, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾನೆ. ಇದರಿಂದ ಎದೆಬಡಿತ ತಗ್ಗುತ್ತದೆ. ಚೆಂಡು ಬಲೆಯನ್ನು ಸೇರುವ ಚಿತ್ರವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳುತ್ತಾನೆ. ಹೀಗೆ ಕಲ್ಪಿಸಿಕೊಳ್ಳುವಾಗ, ನಿಜವಾದ ಚಲನೆಗೆ ಸಂಬಂಧಿಸಿದ ಮೆದುಳಿನ ಕೆಲವು ಭಾಗಗಳೂ ಕೆಲಸಮಾಡುತ್ತವೆ. ಈ ಕ್ರಮವನ್ನು ದಣಿದ ಕಾಲುಗಳಿಂದ ನಿತ್ಯವೂ ರೂಢಿಸಿಕೊಂಡರೆ, ಕಠಿಣ ಗಳಿಗೆಯಲ್ಲಿ ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಆಧಾರ ದೊರೆಯುತ್ತದೆ.

ಇಂಗ್ಲೆಂಡಿನ ಕಥೆಯನ್ನು ನೋಡೋಣ. ವಿಶ್ವಕಪ್ ಮತ್ತು ಯೂರೋ ಸ್ಪರ್ಧೆಗಳಲ್ಲಿ 1990ರಿಂದ 2012ರವರೆಗೆ ಆ ತಂಡವು ಏಳು ಪೆನಾಲ್ಟಿ ಶೂಟೌಟ್‌ಗಳಲ್ಲಿ ಆರನ್ನು ಸೋತಿತು. 1996ರಲ್ಲಿ ಗುರಿ ತಪ್ಪಿದ ಗ್ಯಾರೆತ್ ಸೌತ್‌ಗೇಟ್ ಅವರೇ ಮುಂದೆ ತರಬೇತುದಾರರಾಗಿ, ಮನಶ್ಶಾಸ್ತ್ರದ ನೆರವಿನಿಂದ ತಂಡವನ್ನು ಸಜ್ಜುಗೊಳಿಸಿದರು. 2018ರಲ್ಲಿ ಕೊಲಂಬಿಯದ ಮೇಲೆ 4–3ರ ಗೆಲುವು ದೊರೆಯಿತು.

ಇಷ್ಟರಿಂದ ಸೋಲು ದೂರವಾಯಿತೆಂದು ತಿಳಿಯಬಾರದು. 2021ರಲ್ಲಿ ಯೂರೋ ಅಂತಿಮ ಪಂದ್ಯದ ಕೊನೆಯ ಒದೆತವು ಹತ್ತೊಂಬತ್ತು ವರ್ಷದ ಬುಕಾಯೊ ಸಾಕನ ಪಾಲಿಗೆ ಬಂದಿತು. ಇಟಲಿಯ ಗೋಲ್‌ಕೀಪರನು ಚೆಂಡನ್ನು ತಡೆದನು. ಆ ಹುಡುಗನು ವರ್ಣದ್ವೇಷದ ಹೀನ ನಿಂದೆಯನ್ನೂ ಸಹಿಸಬೇಕಾಯಿತು. 2024ರಲ್ಲಿ ಸ್ವಿಟ್ಜರ್ಲೆಂಡಿನ ಎದುರು ಶೂಟೌಟ್ ಬಂದಾಗ ಅವನು ಮತ್ತೆ ಮುಂದೆ ಬಂದು ಗೋಲು ಹೊಡೆದನು. ಇಂಗ್ಲೆಂಡಿನ ಐದೂ ಒದೆತಗಳು ಗುರಿ ಸೇರಿದುವು.

ಗೋಲ್‌ಕೀಪರನ ನೆಗೆತ, ಜನರ ಕೂಗು, ಕೊನೆಯ ಫಲ, ಇವಾವುವೂ ಒದೆಯುವವನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ತನ್ನ ಉಸಿರು, ತನ್ನ ಹೆಜ್ಜೆ, ತನ್ನ ನಿಶ್ಚಯ. ಇವುಗಳಲ್ಲಿ ಮನಸ್ಸನ್ನು ನಿಲ್ಲಿಸುವುದೇ ಸಿದ್ಧತೆ. ಪ್ರಶ್ನೆಪತ್ರಿಕೆಯನ್ನು ಎದುರಿಸುವ ವಿದ್ಯಾರ್ಥಿಗೂ ಈ ಮಾತು ಸಲ್ಲುತ್ತದೆ.