ಡ್ರಾಕುಲಾನ ಅಸಲಿ ಅರಮನೆಯಲ್ಲಿ

ರುಮೇನಿಯಾಕ್ಕೆ ಬಂದ ಪ್ರವಾಸಿಗರು ಡ್ರಾಕುಲಾನ ಕೋಟೆ ನೋಡಬೇಕೆಂದು ಸೀದಾ ಬ್ರಾನ್‌ಗೆ ಹೋಗುತ್ತಾರೆ. ಕಡಿದಾದ ಬಂಡೆಯ ಮೇಲಿನ ಆ ಕೋಟೆ ಚೆಂದವೇನೋ ನಿಜ. ಆದರೆ ಅದನ್ನು 14ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದವರು ಬ್ರಾಶೋವ್ ಪಟ್ಟಣದ ಜರ್ಮನ್ ಮೂಲದ ಜನ. ಡ್ರಾಕುಲಾ ಎನಿಸಿಕೊಂಡ ದೊರೆ ವ್ಲಾಡ್ ಅದರ ಒಡೆಯನಾಗಿರಲೇ ಇಲ್ಲ. ಅವನು ಗದ್ದುಗೆಯ ಮೇಲೆ ಕೂತು ಆಳಿದ ಜಾಗ ಬೇಕೆಂದರೆ ಬುಕಾರೆಸ್ಟ್‌ನಿಂದ ವಾಯವ್ಯಕ್ಕೆ ಸುಮಾರು 80 ಕಿ.ಮೀ. ಬರಬೇಕು, ತರ್ಗೋವಿಷ್ಟೆಗೆ. ವಲಾಕಿಯಾ ಸಂಸ್ಥಾನದ ಹಳೆಯ ರಾಜಧಾನಿ ಇದು.

ಅರಮನೆ ಈಗ ಅರಮನೆಯಾಗಿ ಉಳಿದಿಲ್ಲ. ಚಾವಣಿಯಿಲ್ಲದ ಗೋಡೆಗಳು, ನೆಲಮಾಳಿಗೆಯ ಕಮಾನುಗಳು, ನಡುನಡುವೆ ಹುಲ್ಲು. ಗೋಡೆಯ ಹತ್ತಿರ ನಿಂತು ನೋಡಿದರೆ ಕಟ್ಟಿದ ರೀತಿ ಕಾಣುತ್ತದೆ: ನುಣುಪಾದ ಹೊಳೆಗಲ್ಲಿನ ಸಾಲು, ಅದರ ಮೇಲೆ ಕೆಂಪು ಇಟ್ಟಿಗೆಯ ಸಾಲು, ಮತ್ತೆ ಹೊಳೆಗಲ್ಲು. ಮಗ್ಗುಲಲ್ಲೇ 1584ರ ದೊಡ್ಡ ಚರ್ಚ್ ಇದೆ. ಒಳಗೆ ವಲಾಕಿಯಾದ ದೊರೆಗಳ ಭಿತ್ತಿಚಿತ್ರಗಳಿವೆ. ಅದು ವ್ಲಾಡ್‌ನ ಕಾಲದ ನಂತರದ್ದು. ಅವನ ಕಾಲದ್ದು ಎಂದು ಎದ್ದುನಿಂತಿರುವುದು ಕಿಂಡಿಯಾ ಗೋಪುರ. ಬುಡದಲ್ಲಿ ಇಳಿಜಾರು ಬದಿಗಳ ಚೌಕಾಕಾರದ ಕಲ್ಲುಪೀಠ, ಅದರ ಮೇಲೆ ಉರುಟಾದ ಇಟ್ಟಿಗೆ ಗೋಪುರ. ಒಟ್ಟು ಎತ್ತರ 27 ಮೀಟರ್. ಅದರಲ್ಲಿ ಒಂದಿಷ್ಟು 19ನೇ ಶತಮಾನದ ಜೀರ್ಣೋದ್ಧಾರದಲ್ಲಿ ಸೇರಿದ್ದು. ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತಿ ಮೇಲೆ ಹೋದರೆ ಊರು, ಅದರಾಚೆಯ ಬಯಲು ಎಲ್ಲವೂ ಕಣ್ಣಳತೆಗೆ ಸಿಗುತ್ತವೆ. ದಂಡು ಬರುವುದನ್ನು ದೂರದಿಂದಲೇ ಕಾಣಲೆಂದು ಕಟ್ಟಿದ ಗೋಪುರವಲ್ಲವೇ!

ದಂಡು ಬರುತ್ತಲೂ ಇತ್ತು. ಒಂದು ಕಡೆ ಹಂಗೆರಿ, ಇನ್ನೊಂದು ಕಡೆ ಒಟ್ಟೊಮನ್ ಸುಲ್ತಾನ; ನಡುವೆ ಸಿಕ್ಕ ಪುಟ್ಟ ನಾಡು ವಲಾಕಿಯಾ. ವ್ಲಾಡ್‌ನ ಅಪ್ಪ 1431ರಲ್ಲಿ ಟರ್ಕರ ವಿರುದ್ಧದ ‘ಡ್ರ್ಯಾಗನ್ ಸಂಘ’ ಸೇರಿ ಡ್ರಾಕುಲ್ ಎನಿಸಿಕೊಂಡ. ಮಗ ಡ್ರಾಕುಲಾ ಆದ. ಅದೇ ಅಪ್ಪ ಮುಂದೆ ಸುಲ್ತಾನನ ನಂಬಿಕೆ ಉಳಿಸಿಕೊಳ್ಳಲು ವ್ಲಾಡ್ ಮತ್ತು ಅವನ ತಮ್ಮ ರಾದುವನ್ನು ಒತ್ತೆಯಾಳುಗಳಾಗಿ ಒಪ್ಪಿಸಿದ. 1447ರಲ್ಲಿ ಅಪ್ಪ ಕೊಲೆಯಾದ. ಅಣ್ಣ ಮಿರ್ಚಾನನ್ನು ಇದೇ ಊರಿನವರು ಜೀವಂತ ಹೂತರಂತೆ. ಗದ್ದುಗೆಗೆ ಬಂದ ವ್ಲಾಡ್ ಈಸ್ಟರ್ ಹಬ್ಬದ ದಿನ ಊರಿನ ಹಿರಿಯರನ್ನು ಶೂಲಕ್ಕೇರಿಸಿ, ಕಿರಿಯರನ್ನು ಉಟ್ಟ ಹಬ್ಬದ ಬಟ್ಟೆಯಲ್ಲೇ ಪೊಯೆನಾರಿ ಕೋಟೆಯ ಕೆಲಸಕ್ಕೆ ಅಟ್ಟಿದ, ಬಟ್ಟೆ ಚಿಂದಿಯಾಗುವವರೆಗೂ ದುಡಿಸಿದ ಎಂದು ಹಳೆಯ ರುಮೇನಿಯನ್ ವೃತ್ತಾಂತವೊಂದು ಹೇಳುತ್ತದೆ.

1456ರಿಂದ 1462ರವರೆಗಿನ ಆ ಆರು ವರ್ಷಗಳೇ ಅವನ ಮುಖ್ಯ ಆಳ್ವಿಕೆ. ಸುಲ್ತಾನನಿಗೆ ಕಪ್ಪ ಕೊಡುವುದನ್ನು ನಿಲ್ಲಿಸಿದ. ಡ್ಯಾನ್ಯೂಬ್ ದಾಟಿ ದಾಳಿ ಮಾಡಿ, ಸುಮಾರು 24 ಸಾವಿರ ಜನರನ್ನು ಕೊಂದ ಲೆಕ್ಕವನ್ನು ಹಂಗೆರಿಯ ದೊರೆಗೆ ಪತ್ರದಲ್ಲಿ ಬರೆದು ಕಳಿಸಿದ. 1462ರ ಜೂನ್‌ನಲ್ಲಿ ಸುಲ್ತಾನ ಎರಡನೆಯ ಮೆಹ್ಮೆದ್ ದೊಡ್ಡ ಸೈನ್ಯದೊಂದಿಗೆ ಬಂದಾಗ, ವ್ಲಾಡ್ ನಡುರಾತ್ರಿ ಅವನ ಪಾಳೆಯಕ್ಕೇ ನುಗ್ಗಿದ. ಸುಲ್ತಾನನ ಡೇರೆ ಮಾತ್ರ ಸಿಗಲಿಲ್ಲ. ಮುಂದೆ ಈ ಊರಿನತ್ತ ಬಂದ ಸೈನ್ಯಕ್ಕೆ ಎದುರಾದದ್ದು ಶೂಲಗಳ ಕಾಡು. ಸುಮಾರು ಮೂರು ಕಿ.ಮೀ. ಉದ್ದದ ಆ ಬಯಲಲ್ಲಿ 20 ಸಾವಿರ ಜನರನ್ನು ನೆಟ್ಟಿದ್ದರು, ಅವರಲ್ಲಿ ತಾಯಂದಿರ ಜೊತೆ ಹಸುಗೂಸುಗಳೂ ಇದ್ದವು ಎಂದು ಆ ಕಾಲದ ಗ್ರೀಕ್ ಚರಿತ್ರೆಕಾರ ಖಾಲ್ಕೊಕೊಂಡೈಲೀಸ್ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಗೋಪುರದ ಮೇಲಿಂದ ಈ ಸಮತಟ್ಟು ನೆಲವನ್ನು ನೋಡುವಾಗ ಹೊಟ್ಟೆ ತೊಳಸಿದಂತಾಗುತ್ತದೆ.

ಆ ಕೂಸುಗಳ ಎದುರು ಬ್ರಾಮ್ ಸ್ಟೋಕರ್‌ನ ರಕ್ತಪಿಶಾಚಿ ನನಗೆ ಬರೀ ಬೆದರುಬೊಂಬೆ. ಐರಿಷ್ ಲೇಖಕ ಸ್ಟೋಕರ್ ಈ ನಾಡಿಗೆ ಕಾಲಿಟ್ಟವನೇ ಅಲ್ಲ. 1890ರಲ್ಲಿ ಇಂಗ್ಲೆಂಡಿನ ವಿಟ್ಬಿ ಪಟ್ಟಣದ ಗ್ರಂಥಾಲಯದಲ್ಲಿ, ವಿಲಿಯಂ ವಿಲ್ಕಿನ್ಸನ್ ವಲಾಕಿಯಾದ ಬಗ್ಗೆ ಬರೆದ ಪುಸ್ತಕದಲ್ಲಿ ಡ್ರಾಕುಲಾ ಎಂಬ ಹೆಸರು ಅವನ ಕಣ್ಣಿಗೆ ಬಿತ್ತು. ತನ್ನ ಪಾತ್ರಕ್ಕೆ ‘ವ್ಯಾಂಪಿರ್’ ಎಂದು ಇಟ್ಟುಕೊಂಡಿದ್ದ ಹೆಸರನ್ನು ಹೊಡೆದುಹಾಕಿ ಇದನ್ನು ಬರೆದುಕೊಂಡ. 1897ರಲ್ಲಿ ಕಾದಂಬರಿ ಬಂತು. ಅದರ ಕೋಟೆ ಇರುವುದು ಟ್ರಾನ್ಸಿಲ್ವೇನಿಯಾದ ಉತ್ತರದ ಬೋರ್ಗೊ ಕಣಿವೆಯ ಬಳಿ, ಇಲ್ಲಿಂದ ಬಹುದೂರ. ಶೂಲದ ಮಾತೂ ಅದರಲ್ಲಿ ಬರುವುದಿಲ್ಲ. ವ್ಲಾಡ್ ರಕ್ತ ಹೀರುತ್ತಿದ್ದನೆಂಬ ಕಥೆ ರುಮೇನಿಯಾದ ಜನಪದದಲ್ಲಿಲ್ಲ. ಅಲ್ಲಿ ಅವನು ಕಳ್ಳರನ್ನು ನಡುಗಿಸಿದ ಕಠೋರ ದೊರೆ. ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ 1976ರಲ್ಲಿ, ವ್ಲಾಡ್ ಸತ್ತು ಐನೂರು ವರ್ಷವಾಯಿತೆಂದು, ಅವನ ಅಂಚೆಚೀಟಿಯನ್ನೇ ಹೊರಡಿಸಿತು. ನಾಡಿನ ಸ್ವಾತಂತ್ರ್ಯಕ್ಕೆ ಹೋರಾಡಿದ ವೀರನೆಂದು ಕೊಂಡಾಡುವಾಗಲೂ ಶೂಲಕ್ಕೇರಿದವರು ಮರೆಗೆ ಸರಿಯುತ್ತಾರೆ. ಪಿಶಾಚಿಯ ಕಥೆ ಮಾಡಿದ್ದೂ ಅದನ್ನೇ.

ತರ್ಗೋವಿಷ್ಟೆಗೆ ಬಂದವರು ರೈಲು ನಿಲ್ದಾಣದ ಹತ್ತಿರದ ಹಳೆಯ ಸೇನಾ ಕಟ್ಟಡವನ್ನೂ ನೋಡಿಯೇ ಹೋಗಬೇಕು. 1989ರ ಡಿಸೆಂಬರ್ 25ರಂದು ಚೌಷೆಸ್ಕು ದಂಪತಿಯನ್ನು ವಿಚಾರಣೆ ನಡೆಸಿ ಗುಂಡಿಕ್ಕಿ ಕೊಂದದ್ದು ಅಲ್ಲೇ. ಈಗ ಅದು ವಸ್ತುಸಂಗ್ರಹಾಲಯ. ವ್ಲಾಡ್‌ನ ಸಮಾಧಿ ಎಂದು ತೋರಿಸುವ ಕಲ್ಲು ಇರುವುದು ಬುಕಾರೆಸ್ಟ್‌ನ ಉತ್ತರಕ್ಕೆ, ಸ್ನಾಗೊವ್ ಸರೋವರದ ನಡುಗಡ್ಡೆಯ ಮಠದಲ್ಲಿ. 1930ರ ದಶಕದಲ್ಲಿ ಅಗೆದು ನೋಡಿದಾಗ ಆ ಕಲ್ಲಿನಡಿ ಸಿಕ್ಕಿದ್ದು ಪ್ರಾಣಿಗಳ ಮೂಳೆಗಳು.